ಒ. ಕುಲಿಕ್ ಬರೆದ ನಲವತ್ತೊಂದು ತುಂಡುಗಳು

ಆಟದ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಕಂಪ್ಯೂಟರ್ ಪರದೆಯ ಮೇಲೆ ಜೋಡಿಸಿ ಮನೆ, ಹಡಗು, ರೈಲು ಕಟ್ಟುವ ಒಂದು ತಂತ್ರಾಂಶವಿದೆ. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಅದಕ್ಕೆ ಬೇಕಾದ ಇಟ್ಟಿಗೆಗಳ ಭಂಡಾರವನ್ನು ಒಟ್ಟುಮಾಡಿ, ಎಲ್ಲರ ಕಂಪ್ಯೂಟರಿಗೂ ಸಲೀಸಾಗಿ ಇಳಿಯುವಂತೆ ಪೊಟ್ಟಣ ಕಟ್ಟಿಕೊಡುವುದು ಹನ್ನೊಂದು ವರ್ಷಗಳಿಂದ ನನ್ನ ಕೆಲಸ. ಒಂದೊಂದು ತುಂಡಿಗೂ ಒಂದೊಂದು ಕಡತ. ಕಡತದ ನೆತ್ತಿಯಲ್ಲಿ ಅದನ್ನು ಅಳೆದು ಬರೆದವರ ಹೆಸರು. ‘ಯಾರಾದರೂ ಬಳಸಲಿ, ಹೆಸರು ಮಾತ್ರ ಅಳಿಸದಿರಲಿ’ ಎಂಬ ಪರವಾನಗಿಗೆ ಬರೆದವರು ಸಹಿ ಹಾಕದಿದ್ದರೆ ಆ ತುಂಡನ್ನು ನಾನು ಸೇರಿಸುವಂತಿಲ್ಲ.

ಆ ಜೂನ್ ತಿಂಗಳಲ್ಲಿ, ಈ ನಿಯಮ ಬರುವ ಮೊದಲೇ ಭಂಡಾರ ಸೇರಿದ್ದ ನಲವತ್ತೊಂದು ತುಂಡುಗಳು ಸಹಿಯಿಲ್ಲದೆ ನಿಂತಿದ್ದವು. ಎಲ್ಲವೂ ಬಾಗಿದವು: ಹಾಯಿ, ದೋಣಿಯ ಮೂತಿ, ಹೆಲ್ಮೆಟ್ಟು, ಹಕ್ಕಿಯ ರೆಕ್ಕೆ. ಎಲ್ಲದರ ನೆತ್ತಿಯಲ್ಲೂ ‘ಒ. ಕುಲಿಕ್’. ಶುಕ್ರವಾರ ಹೊಸ ಪೊಟ್ಟಣದ ಪಟ್ಟಿ ಮುಚ್ಚುತ್ತಿತ್ತು. ಅಷ್ಟರೊಳಗೆ ಸಹಿ ಸಿಗದಿದ್ದರೆ ಅವನ್ನು ಕಿತ್ತುಹಾಕಬೇಕು. ಜನ ಕಟ್ಟಿಟ್ಟ ಹಡಗುಗಳಲ್ಲಿ ಹಾಯಿ ಇರಬೇಕಾದ ಕಡೆ ಬರೀ ಗಾಳಿ.

ಒಟಾವಿಯೊ ಕುಲಿಕ್ ನಮ್ಮ ಕುರಿಟಿಬಾ ಊರಿನವರೇ. ನಾಲ್ಕು ವರ್ಷಗಳ ಹಿಂದೆ ತೀರಿಕೊಂಡಿದ್ದರು. ಬರೆದವರು ಇಲ್ಲವಾದರೆ ವಾರಸುದಾರರ ಸಹಿ ಸಾಕು. ಅವರ ಹೆಂಡತಿ ಒಡೇಟೆ ಅವರು ಅಬ್ರಾಂಚೆಸ್ ಎಂಬ ಬಡಾವಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾರೆ ಎಂದು ತಿಳಿದು, ಬುಧವಾರ ಮಧ್ಯಾಹ್ನ ಕಾಗದ ಹಿಡಿದುಕೊಂಡು ಬಸ್ಸು ಹತ್ತಿದೆ.

ಸಹಿಯ ಜೊತೆ ಇನ್ನೊಂದು ಕುತೂಹಲವೂ ನನಗಿತ್ತು. ಆ ಕಡತಗಳಲ್ಲಿ ಅಲ್ಲಲ್ಲಿ ‘ಪೆನ್ಸೆ ೧’, ‘ಪೆನ್ಸೆ ೨’ ಎಂಬ ಟಿಪ್ಪಣಿ ಇರುತ್ತಿತ್ತು. ಅದನ್ನು ‘ಪೆನ್ಸ್’ ಎಂದು ಓದಿಕೊಂಡು, ಇಂಗ್ಲೆಂಡಿನ ಚಿಲ್ಲರೆ ಕಾಸಿರಬೇಕು ಎಂದಿದ್ದ ಒಬ್ಬ ಜರ್ಮನ್. ನಾನೋ, ಯಾವುದೋ ಗಣಿತದ ಪದದ ಮೊಟಕು ರೂಪ ಎಂದುಕೊಂಡಿದ್ದೆ. ಕೇಳಿ ಬರೆದರೆ ಒಟಾವಿಯೊ ಉಳಿದೆಲ್ಲ ಪ್ರಶ್ನೆಗಳಿಗೂ ಉತ್ತರಿಸಿ ಇದೊಂದನ್ನು ಬಿಟ್ಟುಬಿಡುತ್ತಿದ್ದರು.

ಅಂಗಡಿಯೊಳಗೆ ಪಿನ್ಯಾವೊಂ ಎಂಬ ಪೈನ್ ಮರದ ಕಾಯಿ ಬೇಯುವ ಘಮ. ಗಿರಾಕಿಯೊಬ್ಬಳು ಸ್ಟೂಲಿನ ಮೇಲೆ ನಿಂತಿದ್ದಳು. ಎಪ್ಪತ್ತು ದಾಟಿದ ಒಡೇಟೆ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಅವಳ ಸುತ್ತ ಸುತ್ತುತ್ತಿದ್ದರು.

“ಸ್ವಲ್ಪ ಸಡಿಲ ಬಿಡಿ ದೊನ ಒಡೇಟೆ, ಮದುವೇಲಿ ಊಟ ಮಾಡೋದು ಬೇಡ್ವಾ ನಾನು?”

“ನೀನು ಊಟ ಮಾಡೋದನ್ನ ನೋಡಿದೀನಿ ಕಣೆ. ಅದಕ್ಕೆ ಸಡಿಲ ಬಿಡಕ್ಕೆ ಹೋದ್ರೆ ಪರದೆ ಬಟ್ಟೆನೂ ಸಾಲಲ್ಲ. ಅಲ್ಲಾಡ್ಬೇಡ. ಇಲ್ಲೆರಡು ಪೆನ್ಸೆ ಹಿಡಿದ್ರೆ ಕೂತ್ಕೊಳತ್ತೆ.”

ನಾನು ಚೀಲ ಕೆಳಗಿಟ್ಟೆ. “ಈಗ ಏನಂದ್ರಿ? ಏನು ಹಿಡಿದ್ರೆ?”

“ಪೆನ್ಸೆ.” ಅವರು ಬಟ್ಟೆಯನ್ನು ಚಿವುಟಿ, ಚೂಪಾದ ತ್ರಿಕೋನದ ಮಡಿಕೆ ಮಾಡಿ ತೋರಿಸಿದರು. “ಬಟ್ಟೆ ಚಪ್ಪಟೆ, ಮೈ ದುಂಡಗೆ. ಹೀಗೆ ಮಡಿಸಿ ಹೊಲಿದ್ರೆ ಚಪ್ಪಟೆ ಇರೋದು ದುಂಡಗಾಗತ್ತೆ. ನಿಮ್ಮಮ್ಮ ಹೇಳ್ಕೊಡ್ಲಿಲ್ವಾ?”

“ನಮ್ಮಮ್ಮ ಬ್ಯಾಂಕಲ್ಲಿದ್ರು. ನಮ್ಮನೇಲಿ ಎಲ್ಲಾ ರೆಡಿಮೇಡು.”

“ಕಾಣ್ತಾ ಇದೆ ಬಿಡು,” ಎಂದರು, ನನ್ನ ಕೋಟಿನ ಭುಜ ನೋಡುತ್ತ.

ಪರದೆಯ ಮೇಲೂ ಬಾಗಿದ ಮೈಯೆಂಬುದು ಇಲ್ಲ. ಇರುವುದೆಲ್ಲ ಚಪ್ಪಟೆ ತ್ರಿಕೋನಗಳು. ಅವನ್ನು ಒಂದಕ್ಕೊಂದು ವಾಲಿಸಿ ಕೂರಿಸಿದರೆ ಹಾಯಿ ಉಬ್ಬುತ್ತದೆ. ಹೊಲಿಗೆಯವರಲ್ಲದೆ ಬೇರೆ ಯಾರೂ ಆ ತ್ರಿಕೋನಕ್ಕೆ ಪೆನ್ಸೆ ಎನ್ನಲಾರರು. ಒ ಎಂದರೆ ಒಟಾವಿಯೊ ಎಂದು ನಮಗೆ ಯಾರೂ ಹೇಳಿರಲಿಲ್ಲ; ಒಡೇಟೆ ಕುಲಿಕ್ ಕೂಡ ಒ. ಕುಲಿಕ್ಕೇ.

ಗಿರಾಕಿ ಹೋಗುವವರೆಗೆ ಕಾದು, ನಾನು ಯಾರು, ಬಂದದ್ದು ಯಾಕೆ ಎಂದು ಹೇಳಿ ಕೇಳಿದೆ: “ಆ ತುಂಡುಗಳನ್ನ ಬರೆದದ್ದು ನೀವಾ?”

ಒಡೇಟೆ ತಟ್ಟೆಯಲ್ಲಿ ಬೆಂದ ಕಾಯಿ ತಂದಿಟ್ಟು ಎದುರು ಕೂತರು. ಒಂದನ್ನು ಸುಲಿದು ತಿಂದರು.

“ನೇರ ಇರೋದೆಲ್ಲ ನಮ್ಮನೆಯೋರು ಮಾಡ್ತಿದ್ರು, ಅದೂ ಬೇರೆಯವರ ತುಂಡು ತಿದ್ದೋದಷ್ಟೇ. ಬಾಗಿದ್ದು ಬಂದ್ರೆ ತಲೆ ಕೆರ್ಕೊಳೋರು. ಕೊಡಿ ಇಲ್ಲಿ ಅಂದೆ. ಟೇಪು ಹಿಡಿದು ಅಳೆದೆ. ಗಿರಾಕಿ ಇಲ್ಲದ ಹೊತ್ತಲ್ಲಿ ಬರೆದೆ. ಕಾಗದ ಬರ್ತಿದ್ದದ್ದು ಅವರ ವಿಳಾಸಕ್ಕೆ, ಉತ್ತರಾನೂ ಅವರದ್ದೇ.”

“ಯಾರಿಗೂ ಹೇಳ್ಲಿಲ್ವಾ?”

“ಒಂದ್ಸಲ ಸಾವೊ ಪೌಲೋಗೆ ಕರೆದ್ರು, ಸನ್ಮಾನ ಅಂತೆ. ನಂಗೆ ಮದುವೆ ಸೀಸನ್ನು. ಅವರೊಬ್ಬರೇ ಹೋದ್ರು. ಅದನ್ನ ತಂದ್ರು.” ಅವರು ಕೈ ತೋರಿಸಿದ ಕಡೆ, ಹೊಲಿಗೆ ಯಂತ್ರದ ಪಕ್ಕ, ಸನ್ಮಾನದಲ್ಲಿ ಕೊಟ್ಟ ಬಿಳಿ ಪಿಂಗಾಣಿ ಲೋಟ, ಅದರ ತುಂಬ ಗುರುತು ಹಾಕುವ ಸುಣ್ಣದ ತುಂಡುಗಳು. “ಬರೆದದ್ದು ಹೆಂಡ್ತಿ ಅಂತ ಅಲ್ಲೇ ಹೇಳ್ಬೇಕಿತ್ತು. ಅಷ್ಟರಲ್ಲಿ ಎಲ್ರೂ ಚಪ್ಪಾಳೆ ಹೊಡೆದ್ಬಿಟ್ರಂತೆ. ಬಂದು ಎರಡು ದಿನ ನನ್ನ ಮುಖ ನೋಡ್ಲಿಲ್ಲ ಪುಣ್ಯಾತ್ಮ.”

“ನಿಮಗೆ ಬೇಜಾರಾಗ್ಲಿಲ್ವಾ?”

“ಆಯ್ತು. ಹೊಲಿದ ಬಟ್ಟೆಗೆಲ್ಲ ಎಲ್ಲಿ ಹೆಸರು ಇರತ್ತೆ ಅಂದ್ಕೊಂಡೆ. ಆದ್ರೂ ಆಯ್ತು.”

ನಾನು ಕಾಗದ ತೆಗೆದೆ. ಅದರಲ್ಲಿ ‘ಬರೆದವರು / ವಾರಸುದಾರರು’ ಎಂದಿತ್ತು, ಬೇಡದ್ದನ್ನು ಹೊಡೆದುಹಾಕಬೇಕು.

“ವಾರಸುದಾರಳು ಅಂತ ಹಾಕಿದ್ರೆ ನಿನ್ನ ಕೆಲಸ ಆಗತ್ತಲ್ಲ, ಮಗಳೇ?”

ಬಸ್ಸಿನಲ್ಲಿ ಬರುವಾಗ ಕೇಳಿದ್ದರೆ ಆಗುತ್ತದೆ ಎನ್ನುತ್ತಿದ್ದೆ. “ಈಗ ಆಗಲ್ಲ. ಬರೆದವರು ಬದುಕಿರುವಾಗ ವಾರಸುದಾರರ ಒಪ್ಪಿಗೆ ಲೆಕ್ಕಕ್ಕಿಲ್ಲ. ಬರೆದದ್ದು ನೀವೇ ಅಂತ ನನಗೂ ಗೊತ್ತಾಗ್ಹೋಯ್ತಲ್ಲ.”

“ನಾನೇ ಬರೆದದ್ದು ಅಂದ್ರೆ ಅವರು ಸುಳ್ಳುಗಾರ ಆಗ್ತಾರೆ. ಸತ್ತೋರು, ಬಂದು ಜಗಳ ಆಡಕ್ಕೂ ಆಗಲ್ಲ.” ಸಿಪ್ಪೆಗಳನ್ನು ಬೆರಳಿನಿಂದ ಒಂದು ಕಡೆ ಗುಡ್ಡೆ ಮಾಡಿದರು. “ಸಹಿ ಹಾಕದೇ ಇದ್ರೆ?”

“ಶುಕ್ರವಾರ ನಲವತ್ತೊಂದನ್ನೂ ತೆಗೀತೀನಿ.”

“ಹಾಯೀನೂ?”

“ಹಾಯೀನೂ.”

ಅವರು ಎದ್ದು ಒಲೆ ಆರಿಸಿ ಬಂದರು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

“ಕಡತದಲ್ಲಿ ಬರೀ ಒ. ಕುಲಿಕ್ ಅಂತ ಅಲ್ವಾ ಇರೋದು? ಅದು ಹಾಗೇ ಇರತ್ತಾ?”

“ಇರತ್ತೆ. ಆದ್ರೆ ಪೊಟ್ಟಣದ ಜೊತೆ ನಾನೊಂದು ಹಕ್ಕುಗಳ ಪಟ್ಟಿ ಬರೀಬೇಕು. ಅಲ್ಲಿ ಪೂರ್ತಿ ಹೆಸರು ಹಾಕ್ಬೇಕು.”

“ಅದನ್ನ ಯಾರಾದ್ರೂ ಓದ್ತಾರಾ?”

ಆ ಪಟ್ಟಿಗೆ ನಾನು ಕಳೆದ ಸಂಜೆಗಳೆಲ್ಲ ಕಣ್ಣ ಮುಂದೆ ಬಂದವು. ಅದರ ಕೊನೆಯಲ್ಲಿ ನನ್ನದೂ ಒಂದು ಸಾಲಿದೆ. “ಹನ್ನೊಂದು ವರ್ಷದಲ್ಲಿ ಒಬ್ರೂ ಓದಿಲ್ಲ,” ಎಂದೆ.

ಒಡೇಟೆ ಜೋರಾಗಿ ನಕ್ಕರು. ಆಮೇಲೆ ಕತ್ತರಿಸುವ ಮೇಜಿನ ಮೇಲಿಂದ ಮರದ ಸ್ಕೇಲು ತಂದು, ‘ವಾರಸುದಾರರು’ ಎಂಬುದರ ಮೇಲಿಟ್ಟು ಒಂದು ನೇರ ಗೆರೆ ಎಳೆದರು.

“ಹಾಗಾದ್ರೆ ಪೂರ್ತಿ ಬರಿ,” ಎಂದರು. “ಒಡೇಟೆ. ಒಂದೇ ‘ಟಿ’ ಕಣಮ್ಮ. ಎಲ್ರೂ ಎರಡು ಹಾಕ್ತಾರೆ.”