ಗುಡ್ಡಣ್ಣ ಹಾಕಿದ ಬೀಗ

ಗಂಗೊಳ್ಳಿ ಬಂದರು ರಸ್ತೆಯ ಜಲಜಕ್ಕನ ವೈರ್‌ಲೆಸ್ ಅಂಗಡಿಗೆ ಬಂದವರು ಮೊದಲು ಕೂರಬೇಕಿತ್ತು, ಆಮೇಲೆ ಸುಳ್ಳು ಹೇಳಬೇಕಿತ್ತು. ಕೂರುವುದಕ್ಕೆ ಸ್ಟೂಲು ಅಂಗಡಿಯದ್ದು, ಸುಳ್ಳನ್ನು ಅವರವರೇ ತರುತ್ತಿದ್ದರು. ಸೆಟ್ಟಿಗೆ ನೀರು ತಾಗಿದೆಯೇ ಎಂದರೆ ಇಲ್ಲವೇ ಇಲ್ಲ. ಬ್ಯಾಟರಿಯ ವೈರು ಅಡಿಮೇಲಾಗಿ ಕೊಟ್ಟಿದ್ದಿರಾ ಎಂದರೆ ಛೆ ಛೆ. ಜಲಜಕ್ಕ ಎಲ್ಲವನ್ನೂ ನಂಬಿದವರ ಹಾಗೆ ತಲೆಯಾಡಿಸಿ, ಸೆಟ್ಟಿಗೆ ಕೇಬಲ್ ಸಿಕ್ಕಿಸಿ, "ನೀ ಹೇಳ್ ಮಗಾ" ಎಂದು ಅದನ್ನೇ ವಿಚಾರಿಸುತ್ತಿದ್ದರು. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಬೋಟಿನವರು ಅವರಲ್ಲಿಗೇ ಬರುತ್ತಿದ್ದುದು ಈ ವಿಚಾರಣೆಯ ಖ್ಯಾತಿಯಿಂದ.

ಎರಡು ಸಾವಿರದ ಮೂರರ ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿಯುವ ದಿನ, ಉಪ್ಪುಂದದ ಗೋವರ್ಧನ ಬೈರಾಸಿನಲ್ಲಿ ಸುತ್ತಿದ ಸೆಟ್ಟನ್ನು ಕೂಸಿನಂತೆ ಎತ್ತಿಕೊಂಡು ಬಂದ. ಅವನು ಆ ವರ್ಷವಷ್ಟೇ ತಾಂಡೇಲನಾಗಿದ್ದ. ಬೋಟು ನಡೆಸುವುದೂ ಬಲೆ ಎಲ್ಲಿ ಬಿಡಬೇಕೆಂದು ಹೇಳುವುದೂ ತಾಂಡೇಲನ ಕೆಲಸ. ಹಳೆಯ ತಾಂಡೇಲ ಗುಡ್ಡಣ್ಣ ಮೊಣಕಾಲು ನೋವಿಗೆ ಸೋತು ಸಿದ್ದಾಪುರದ ಮಗಳ ಮನೆ ಸೇರಿದ ಮೇಲೆ, ಬೋಟಿನ ಮಾಲೀಕ ಪ್ರೇಮಾನಂದರು ಆ ಜಾಗಕ್ಕೆ ಇವನನ್ನು ಕರೆತಂದಿದ್ದರು.

ಐದು ಬೋಟುಗಳ ಒಂದು ಗುಂಪು ಅದು. ಮೀನು ಕಂಡವರು ಉಳಿದ ನಾಲ್ವರಿಗೆ ತಮ್ಮದೇ ಚಾನೆಲ್ಲಿನಲ್ಲಿ ತಿಳಿಸುವುದು ಪದ್ಧತಿ. ಹೋದ ವರ್ಷ ಆ ಚಾನೆಲ್ಲಿಗೆ ಬೇರೆ ಗುಂಪಿನವರು ಕಿವಿ ಹಚ್ಚಿದ್ದು ಗೊತ್ತಾಗಿ, ಈ ಸಲ ಚಾನೆಲ್ಲನ್ನೇ ಬದಲಿಸುವುದೆಂದು ತೀರ್ಮಾನವಾಗಿತ್ತು. ನಾಲ್ಕು ಸೆಟ್ಟು ನಿನ್ನೆಯೇ ಮುಗಿದಿದ್ದವು. ಐದನೆಯದು ಇದು.

"ಸಂಜೆ ಭರತಕ್ಕೆ ಅಳಿವೆ ದಾಟುಕೆ ಇತ್ತ್ ಜಲಜಕ್ಕ," ಎಂದ ಗೋವರ್ಧನ. ಹೊಳೆ ಕಡಲು ಸೇರುವ ಆ ಬಾಯನ್ನು ಭರತದಲ್ಲಿ ನೀರೇರಿದಾಗಲೇ ದಾಟಬೇಕಿತ್ತು. "ಸೆಟ್ ಆಗ್ದಿರೆ ನನ್ನ ಬಿಟ್ ಹೋತ್ರಂಬ್ರ್. ಪ್ರೇಮಾನಂದಣ್ಣ ಕಡೀಕೆ ಬೇರೆ ತಾಂಡೇಲನ್ನ ಹುಡ್ಕುದೇ."

"ಅಷ್ಟ್ ಬೇಗ ಸಾಯ್ಬೇಡ. ಕೂಕೊ."

ಮೇಜಿನ ಮೇಲೆ ಎರಡು ಕಂಪ್ಯೂಟರುಗಳಿದ್ದವು. ಬಣ್ಣದ ಪರದೆಯ ಹೊಸತಕ್ಕೆ ಬಟ್ಟೆ ಮುಚ್ಚಿತ್ತು. ಜಲಜಕ್ಕ ಕೇಬಲ್ ಜೋಡಿಸಿದ್ದು ಪಕ್ಕದಲ್ಲಿ ಗೊರಗೊರ ಎನ್ನುತ್ತಿದ್ದ, ಕಪ್ಪು ಪರದೆಯ ಮುದುಕನಿಗೆ.

"ಹೊಸ್ತರಂಗೆ ಮಾಡುಕಾತಿಲ್ಯಾ?"

"ಅದ್ಕೆ ಅವಸರ ಜಾಸ್ತಿ. ಸೆಟ್ ಒಂದ್ ಮಾತ್ ಹೇಳಿ ಮುಗ್ಸುಕ್ ಮೊದ್ಲೇ ಅದ್ ನಾಲ್ಕ್ ಪ್ರಶ್ನೆ ಕೇಣ್ತ್. ಇದ್ ಗಾಬ್ರಿಯಾಯಿ ಬಾಯಿ ಮುಚ್ಕಂತ್. ಪರದೆ ಮೇಲೆ ಎರರ್ ಬತ್ತ್, ಜನ ಸೆಟ್ಟೇ ಹಾಳಾಯ್ತ್ ಅಂತ್ರ್. ಈ ಮುದ್ಕಂಗೆ ಕೇಂಬ ತಾಳ್ಮೆ ಇತ್ತ್."

ತಾಳ್ಮೆಯ ಮುದುಕನೂ ಸ್ವಲ್ಪ ಹೊತ್ತಿನಲ್ಲಿ 'ಎರರ್ 21' ಎಂದು ಬರೆದ. ಗೋವರ್ಧನ ಸ್ಟೂಲಿನಿಂದ ಅರ್ಧ ಎದ್ದ. ಜಲಜಕ್ಕ ಮಾತ್ರ ಮಗುವಿನ ನೆಗಡಿ ನೋಡಿದಷ್ಟೇ ಗಾಬರಿಯಾದರು.

"ಇಪ್ಪತ್ತೊಂದ್ ಅಂದ್ರೆ ಸೆಟ್ ಮಾತಾಡುದಿಲ್ಲೆ ಅಂತ್. ಹಾಳಾಯ್ತ್ ಅಂದೇಳಿ ಅಲ್ಲ." ಭೂತಗನ್ನಡಿ ಹಿಡಿದು, ಕೇಬಲ್ ಸಿಕ್ಕಿಸುವ ಮೈಕಿನ ತೂತಿನೊಳಗೆ ಇಣುಕಿದರು. "ಪೂಜೆ ಯಾರ್ ಮಾಡ್ದದ್?"

"ಪೂಜೆಯಾ? ಇದ್ಕಾ? ಇಲ್ಲೆ ಅಕ್ಕ."

"ಹಾಂಗಾರೆ ಈ ಕುಂಕುಮ ಒಳಗೇ ಬೆಳ್ದದ್ದಾ?"

ಗೋವರ್ಧನ ನೆಲ ನೋಡಿದ. ಮಳೆಗಾಲವಿಡೀ ಸೆಟ್ಟು ದೇವರ ಕೋಣೆಯಲ್ಲಿತ್ತು. ಅಮ್ಮ ಗಿರಿಜಾ ಮಗನ ಹೊಸ ಅಧಿಕಾರದ ಆ ಪೆಟ್ಟಿಗೆಗೆ ದಿನವೂ ಬೊಟ್ಟಿಡುತ್ತಿದ್ದಳು. ಬೊಟ್ಟಿಡಲು ಹಣೆ ಬೇಕು. ಸೆಟ್ಟಿನ ಮುಖದಲ್ಲಿ ಹಣೆಯಂತೆ ಕಾಣುವುದು ಮೈಕಿನ ತೂತೊಂದೇ. ಜಲಜಕ್ಕ ಹೇಳುವಂತೆ ಕರಾವಳಿಯ ಅರ್ಧ ಸೆಟ್ಟುಗಳು ಸೀಸನ್ ಶುರುವಿನಲ್ಲಿ ಮೂಕವಾಗುವುದು ಭಕ್ತಿಯಿಂದಲೇ. ಅವರು ಹತ್ತಿಯನ್ನು ಕಡ್ಡಿಗೆ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಕಿವಿ ತೊಳೆಯುವ ಡಾಕ್ಟರಷ್ಟು ನಾಜೂಕಾಗಿ ಆ ತೂತನ್ನು ಒರೆಸಿದರು. ಸೆಟ್ಟು ಮಾತಾಡಿತು. ಹಳೆಯ ಚಾನೆಲ್ಲುಗಳೆಲ್ಲ ಪರದೆಯ ಮೇಲೆ ಸಾಲಾಗಿ ನಿಂತವು. ಹೊಸ ಚಾನೆಲ್ಲನ್ನು ಒತ್ತಿ, ಬರೆ ಎಂದು ಆಜ್ಞೆ ಕೊಟ್ಟರು.

'ಎರರ್ 40.'

ಈ ಸಲ ಜಲಜಕ್ಕನ ಕೈ ಕೀಲಿಮಣೆಯಿಂದ ಹಿಂದೆ ಸರಿಯಿತು.

"ಇದ್ಕೆ ಬೀಗ ಹಾಕಿದ್ರ್ ಮಾರಾಯ. ಓದುಕ್ ಬಿಡ್ತ್, ಬರೂಕ್ ಬಿಡುದಿಲ್ಲೆ. ನಾಲ್ಕಂಕಿ ನಂಬರ್ ಬೇಕ್. ಮೂರ್ ಸಲ ತಪ್ಪಾರೆ ಸೆಟ್ ಮಲಗ್ತ್. ಮತ್ತೆ ಕಂಪ್ನಿಯವ್ರೇ ಎಬ್ಬಿಸ್ಕ್, ಮದ್ರಾಸಂಗೆ."

ಬೀಗ ಹಾಕಿದವನು ಗುಡ್ಡಣ್ಣನಲ್ಲದೆ ಬೇರೆ ಯಾರೂ ಆಗಿರಲಾರರು. ಸಿದ್ದಾಪುರಕ್ಕೆ ಹೋಗಿ ಬರುವಷ್ಟರಲ್ಲಿ ಭರತ ಇಳಿದು ಹೋಗುತ್ತಿತ್ತು. ಗೋವರ್ಧನ ಅಂಗಡಿಯ ಫೋನೆತ್ತಿದ. ಮಗಳ ಮನೆಯಲ್ಲಿ ಗುಡ್ಡಣ್ಣನೇ ಸಿಕ್ಕಿದ, ಖುಷಿಯಿಂದಲೇ ನಂಬರು ಕೊಟ್ಟ. ಹನ್ನೊಂದು, ಹದಿನೆಂಟು. ಗೋವರ್ಧನ ಹೇಳಿದ, ಜಲಜಕ್ಕ ಒತ್ತಿದರು. ಮತ್ತೆ ಅದೇ ನಲವತ್ತು.

"ಇನ್ನ್ ಎರಡೇ ಅವಕಾಶ," ಎನ್ನುತ್ತಾ ಜಲಜಕ್ಕ ತಾವೇ ಮತ್ತೆ ಫೋನು ಮಾಡಿ, ಇಬ್ಬರಿಗೂ ಕೇಳುವಂತೆ ಸ್ಪೀಕರಿನ ಗುಂಡಿ ಅದುಮಿದರು.

"ಹ್ವಾಯ್ ಗುಡ್ಡಣ್ಣ," ಎಂದ ಗೋವರ್ಧನ. "ಆ ನಂಬರ್ ಆತಿಲ್ಲೆ."

"ಆತಿಲ್ಯಾ?" ಗುಡ್ಡಣ್ಣನ ದನಿಗೆ ಫೋನಿನ ಡಬ್ಬಿಯೇ ನಡುಗಿತು. ಜೀವಮಾನವಿಡೀ ಎಂಜಿನ್ನಿನ ಸದ್ದಿನ ಮೇಲೆ ಕೂಗಿದ ಗಂಟಲು. "ನಾನೇ ಕೈಯಾರೆ ಒತ್ತಿದ್ ನಂಬರದ್! ಹನ್ನೊಂದ್, ಹದ್ನೆಂಟ್. ಮತ್ತೊಂದ್ಸಲ ಹೇಳ್ತೆ, ಹನ್ನೊಂದ್, ಹದ್ನೆಂಟ್. ಕೇಂಡ್ತಾ? ಓವರ್!"

ಒಮ್ಮೆ ತಪ್ಪಿ ಒತ್ತಿರಬಹುದು ಎಂದುಕೊಂಡು ಗೋವರ್ಧನ ಕೀಲಿಮಣೆಗೆ ಕೈ ಚಾಚಿದ. ಜಲಜಕ್ಕ ಆ ಕೈಗೆ ಫಟ್ಟನೆ ಒಂದು ಕೊಟ್ಟು, ಫೋನಿನತ್ತ ಬಾಗಿದರು. ಅವರ ಮುಖದಲ್ಲಿ ಏನೋ ಹೊಳೆದ ಹಾಗಿತ್ತು.

"ಗುಡ್ಡಣ್ಣ, ನಾನ್ ಜಲಜ. ಆರಾಮಾ? ನಿಮ್ ಬದಿಯಂಗೆ ಮಳೆ ಹ್ಯಾಂಗಿತ್ತ್?"

"ಎಂತದೂ ಇಲ್ಲೆ ಮಾರಾಯ್ತಿ! ಬರೀ ಒಣ. ಓವರ್!"

ಅವನ ಮಾತಿನ ಹಿಂದೆ, ತಗಡಿನ ಮಾಡಿನ ಮೇಲೆ ಮಳೆ ಕಲ್ಲು ಸುರಿದಂತೆ ಬಡಿಯುತ್ತಿದ್ದುದು ಗಂಗೊಳ್ಳಿಯವರೆಗೂ ಕೇಳಿಸುತ್ತಿತ್ತು.

ಜಲಜಕ್ಕ ಫೋನಿಟ್ಟು, ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಗೋವರ್ಧನನಿಗೆ ಅಳು ಬರುವುದೊಂದು ಬಾಕಿ.

"ಎಂತಕ್ ನೆಗಾಡ್ತ್ರಿ? ನನ್ನ ಹೊಟ್ಟೆಗೆ ಹೊಡೀತಾ ಇದ್ದ ಆ ಅಜ್ಜ. ಬೇಕಂದೇ ಸುಳ್ ಹೇಳುದ್."

"ಬೇಕಂದೇ ಅಲ್ಲ ಮಾರಾಯ. ಪಾಪ, ಅವ್ರಿಗೇ ಗೊತ್ತಿಲ್ಲೆ. ಕೈಯಂಗೆ ಹಿಡ್ಕಂಡ್ ಮಾತಾಡುದ್ ಎಂತ ಇದ್ರೂ ಅವ್ರಿಗೆ ಅದ್ ವೈರ್‌ಲೆಸ್ಸೇ. ವೈರ್‌ಲೆಸ್ಸಂಗೆ ಯಾವ ತಾಂಡೇಲ ನಿಜ ಹೇಳ್ತ?"

ಅದು ಗೋವರ್ಧನನಿಗೂ ಗೊತ್ತಿದ್ದದ್ದೇ. ಎಂತ ಇತ್ತ್ ಎಂದು ಬೇರೆ ಗುಂಪಿನವರು ಕೇಳಿದರೆ, ಬಂಗುಡೆಯಲ್ಲಿ ಮುಳುಗಿದ್ದವನೂ ಎಂತ ಇಲ್ಲೆ ಎನ್ನಬೇಕು. ತಮ್ಮವರಿಗೇ ಆಳವನ್ನು ಮಾರಿನ ಲೆಕ್ಕದಲ್ಲಿ ಹೇಳುವಾಗಲೂ ಪ್ರತಿ ಗುಂಪಿಗೂ ಒಂದೊಂದು ಗುಟ್ಟಿನ ಲೆಕ್ಕ. ಇಷ್ಟು ಕೂಡಿಸಬೇಕೋ ಕಳೆಯಬೇಕೋ ಎಂಬುದು ಆ ಗುಂಪಿನ ತಾಂಡೇಲರಿಗಷ್ಟೇ ಗೊತ್ತು. ಈ ಗುಂಪಿನವರು ಹೊಸಬನಾದ ಅವನಿಗೆ ಅದನ್ನಿನ್ನೂ ಹೇಳಿರಲಿಲ್ಲ. ಸೆಟ್ಟಾಗಲಿ, ಆಮೇಲೆ ಹೇಳುವ ಎಂದಿದ್ದರು.

"ಏಳ್," ಎಂದರು ಜಲಜಕ್ಕ.

ಗೋವರ್ಧನ ಸ್ಟೂಲಿನಿಂದ ಎದ್ದು ನಿಂತ.

"ಕೂಕೊ ಮಾರಾಯ! ಲೆಕ್ಕ ಹೇಳ್ದದ್ ನಾನ್. ನಿಮ್ ಗುಂಪಿಂದ್ ಏಳ್. ಹೇಳ್ದ ಮಾರಿಗೆ ಏಳ್ ಕೂಡ್ಸ್ಕ್." ಗೋಡೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕಡಲಿನ ಮಾತು ಒದರುತ್ತಿದ್ದ ಸೆಟ್ಟಿನತ್ತ ಕೈ ತೋರಿದರು. "ಗುಡ್ಡಣ್ಣ ಇದ್ರಂಗೆ ಹದ್ನೆಂಟ್ ಮಾರ್ ಅಂದ್ರೆ, ಮರುದಿನ ಎದ್ರಿನ ಹೋಟ್ಲಂಗೆ ಅವ್ರ ಬೋಟಿನವ್ರೇ ಇಪ್ಪತ್ತೈದ್ ಮಾರಂಗೆ ಬಲೆ ಬಿಟ್ಟದ್ ಅಂಬ್ರ್. ಹನ್ನೊಂದ್ ಅಂದ್ರೆ ಹದ್ನೆಂಟ್. ನಾ ಕೇಂಬುಕ್ ಹೋಯ್ಲಿಲ್ಲೆ, ಕೆಮಿಗ್ ಬಿತ್ತ್. ಈ ನಂಬರೂ ಅವ್ರ ಎರಡ್ ಜಾಗದ ಆಳವೇ. ಬೀಗಕ್ಕೆ ನಿಜ ಒತ್ತಿದ್ರ್, ನಿಂಗೆ ವೈರ್‌ಲೆಸ್ ಲೆಕ್ಕ ಹೇಳಿದ್ರ್."

ಗೋವರ್ಧನನಿಗೆ ಲೆಕ್ಕ ಇಳಿಯಲು ತುಸು ಹೊತ್ತು ಬೇಕಾಯಿತು. ಇಳಿದ ಮೇಲೆ ಮೇಜಿನತ್ತ ಮತ್ತೊಮ್ಮೆ ನೋಡಿದ. ಬಂದರಿನ ಎಲ್ಲ ಗುಂಪುಗಳ ಸೆಟ್ಟುಗಳೂ ಈ ಮೇಜಿನ ಮೇಲೆಯೇ ಬಂದು ಹೋಗುವಂಥವು. ಅಂದರೆ ಎಲ್ಲರ ಲೆಕ್ಕವೂ ಈ ತಲೆಯಲ್ಲಿತ್ತು. ಯಾರದೋ ಲೆಕ್ಕವನ್ನು ಇನ್ಯಾರಿಗೋ ಒಂದೇ ಒಂದು ಸಲ ಉಸುರಿದ್ದರೂ ಇಡೀ ಬಂದರು ಹೊಡೆದಾಡಿಕೊಂಡು ಸಾಯುತ್ತಿತ್ತು. ಇಷ್ಟು ವರ್ಷ ಎಲ್ಲರಿಗೂ ಅದೇ ಚಹಾ ಕೊಟ್ಟು, ಅದೇ ಬೈಗುಳ ಬೈದು, ಕಡಲಿನಷ್ಟು ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಈ ಹೆಂಗಸು ಇಲ್ಲಿ ಬೆಸುಗೆ ಹಾಕುತ್ತಾ ಕೂತಿದ್ದಾರೆ.

"ನಂಗ್ ಎಂತಕ್ ಹೇಳ್ದ್ರಿ ಅಕ್ಕ?" ಎಂದ, ದನಿ ತಗ್ಗಿಸಿ.

"ಆ ಬೋಟಿನ್ ತಾಂಡೇಲ ನೀನೇ ಅಲ್ದಾ? ನಿಂದೇ ಲೆಕ್ಕ ನಿಂಗ್ ಹೇಳುಕೆ ನಂದೆಂತ ಹೋಯ್ತ್?"

ತಾಂಡೇಲ ಎಂದು ಆ ದಿನದವರೆಗೆ ಅವನನ್ನು ತಮಾಷೆಗಲ್ಲದೆ ಯಾರೂ ಕರೆದಿರಲಿಲ್ಲ.

ಜಲಜಕ್ಕ ಒಂದೊಂದೇ ಅಂಕಿ ಒತ್ತಿದರು. ಹದಿನೆಂಟು. ಇಪ್ಪತ್ತೈದು. ಮುದುಕ ಗೊರಗೊರ ಎಂದ, ಸುಮ್ಮನಾದ, ಮತ್ತೆ ಗೊರಗೊರ ಎಂದ. ಪರದೆಯಲ್ಲಿ ಒಂದು ಬಿಳಿ ಗೆರೆ ಎಡದಿಂದ ಬಲಕ್ಕೆ ಆಮೆಯಂತೆ ತೆವಳತೊಡಗಿತು. ಅದು ಕೊನೆ ಮುಟ್ಟಿ, ಬರೆದಾಯಿತು ಎನ್ನುವವರೆಗೆ ಗೋವರ್ಧನ ಸೆಟ್ಟಿನ ಮೇಲಿಟ್ಟ ಕೈ ತೆಗೆಯಲಿಲ್ಲ.

ಕೇಬಲ್ ಬಿಚ್ಚುವಷ್ಟರಲ್ಲಿ ಫೋನು ಬಡಿದುಕೊಂಡಿತು. ಸಿದ್ದಾಪುರ.

"ಎಂತಾಯ್ತ್? ತೆಗೀತಾ? ಓವರ್!"

"ತೆಗೀತ್ ಗುಡ್ಡಣ್ಣ."

"ನಾ ಹೇಳ್ದ ನಂಬರೇ ಅಲ್ದಾ?"

ಗೋವರ್ಧನ ಜಲಜಕ್ಕನ ಮುಖ ನೋಡಿದ. ಅವರು ಭೂತಗನ್ನಡಿಯನ್ನು ಸೆರಗಿನಲ್ಲಿ ಒರೆಸುವುದರಲ್ಲಿ ಮಗ್ನರಾಗಿದ್ದರು.

"ಹೌದ್ ಗುಡ್ಡಣ್ಣ," ಎಂದ. "ನೀವ್ ಹೇಳ್ದದ್ದೇ. ನಾನೇ ಮೊದ್ಲ್ ತಪ್ಪ್ ಒತ್ತಿದ್ದ್. ಓವರ್."

"ಹಾಂಗ್ ಹೇಳ್! ಹೋಯಿ ಬಾ ಮಗಾ. ಅಳಿವೆಯಂಗೆ ಬಡಗು ಬದಿಗೆ ಹಿಡ್ಕೊ, ತೆಂಕು ಬದಿಯಂಗೆ ಮರಳ್ ಬಿದ್ದಿತ್ತ್."

ಇದಕ್ಕೂ ಏಳು ಕೂಡಿಸಬೇಕೇನೋ ಎಂಬಂತೆ ಗೋವರ್ಧನ ಕಣ್ಣಲ್ಲೇ ಕೇಳಿದ.

"ಅದ್ ನಿಜ," ಎಂದರು ಜಲಜಕ್ಕ. "ಅಳಿವೆ ವಿಷ್ಯದಂಗೆ ಯಾರೂ ಸುಳ್ ಹೇಳುದಿಲ್ಲೆ. ಓಡ್ ಈಗ."

ಸಂಜೆ ಐದು ಬೋಟುಗಳೂ ಒಟ್ಟಿಗೆ ಹಗ್ಗ ಬಿಟ್ಟವು. ಗೋವರ್ಧನ ಮೈಕೆತ್ತಿ, ಹೊಸ ಚಾನೆಲ್ಲಿನಲ್ಲಿ ಬೋಟಿನ ಹೆಸರು ಹೇಳಿದ. ಆಮೇಲೆ ಒಬ್ಬೊಬ್ಬರಾಗಿ ನಾಲ್ವರೂ ಓಗೊಟ್ಟರು. ಕೊನೆಯವನು, ಎಲ್ಲರಿಗಿಂತ ಹಿರಿಯ, ಎರಡು ಸಲ ಕೆಮ್ಮಿ ಹೇಳಿದ:

"ಕೇಂತ್ ತಾಂಡೇಲ. ಬಡಗು ಬದಿ ಹಿಡಿ. ನನ್ನ ಹಿಂದೆ ಬಾ."

ಗೋವರ್ಧನ ಬೋಟಿನ ಮೂತಿಯನ್ನು ಬಡಗು ಬದಿಗೆ ತಿರುಗಿಸಿದ.