ರೇವಮ್ಮ ಹೊಗಳಿದ ಒಲೆ

ನನ್ನ ಗಂಡ ಸಂಪತ್ ಕುಮಾರರಿಗೆ ಸಗಣಿಯ ಹುಚ್ಚು ಹಿಡಿದದ್ದು ಎಪ್ಪತ್ತಾರನೇ ಇಸವಿಯಲ್ಲಿ. ಮದ್ದೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಂಡು ತೆಪ್ಪಗಿದ್ದ ಮನುಷ್ಯ, ಕೆಲಸ ಬಿಟ್ಟು, ಶಿವಪುರದ ಹತ್ತಿರ ಶೆಡ್ಡು ಹಾಕಿ ಗೋಬರ್ ಗ್ಯಾಸಿನ ತೊಟ್ಟಿ ಮಾಡಲು ಕೂತರು. ದೊಡ್ಡ ಕುಳಗಳಿಗಲ್ಲ, ಎರಡೇ ದನ ಇರುವ ಮನೆಗೂ ಆಗುವಂಥ ಚಿಕ್ಕ ತೊಟ್ಟಿ. "ಅಡುಗೆಮನೇಲಿ ಹೊಗೆ ಇರೋಲ್ಲ ಕಣೇ ಸರಸೂ, ಸೌದೆಗೆ ಮರ ಕಡಿಯೋದೂ ತಪ್ಪುತ್ತೆ" ಎನ್ನುತ್ತಿದ್ದರು. ಅಯ್ಯೋ ರಾಮ, ನಮ್ಮ ಮಡಿ ಮನೆಯಲ್ಲಿ ಮೂರು ಹೊತ್ತೂ ಸಗಣಿಯದೇ ಮಾತು!

ಮೊದಲ ತೊಟ್ಟಿ ಕೂರಿಸಿದ್ದು ಆತಗೂರಿನ ರೇವಮ್ಮನ ಮನೆಯಲ್ಲಿ. ಹೊಗೆಗೆ ಕಣ್ಣು ಕೆಂಪಾಗಿ, ಕೆಮ್ಮಿ ಕೆಮ್ಮಿ ಕಡ್ಡಿಯಾಗಿದ್ದ ಹೆಂಗಸು, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮೈಕೈ ತುಂಬಿಕೊಂಡಳು. ಮದ್ದೂರಿಗೆ ಬಂದಾಗಲೆಲ್ಲ ಸೋರೆಕಾಯಿಯೋ ಅವರೆಕಾಯಿಯೋ ನಮ್ಮ ಜಗುಲಿಯ ಮೇಲಿಟ್ಟು ಹೋಗುತ್ತಿದ್ದಳು.

ಅಷ್ಟರಲ್ಲಿ ಇವರ ಕೈ ಬರಿದಾಯಿತು. ಇಂಥ ಹೊಸ ಕೆಲಸ ಮಾಡುವ ಸಣ್ಣ ಕೈಗಾರಿಕೆಗೆ ಸರ್ಕಾರ ನೆರವು ಕೊಡುತ್ತದೆಂದು ಕೇಳಿ ಅರ್ಜಿ ಹಾಕಿದರು. ಅದು ಸಿಕ್ಕರೆ ಶೆಡ್ಡು ಉಳಿಯುತ್ತದೆ, ಸಿಗದಿದ್ದರೆ ಬಾಗಿಲು ಹಾಕುವುದೇ ಸರಿ. ಪರೀಕ್ಷೆ ಮಾಡಲು ಮಂಡ್ಯದಿಂದ ಸಾಹೇಬರು ಆತಗೂರಿಗೆ ಬಂದರು. ಒಲೆ ಹೊತ್ತಿಸಿ ತೋರಿಸಿದೆವು. ನೀಲಿ ಉರಿ ಸೊಗಸಾಗಿ ಉರಿಯಿತು.

"ಹೇಗಿದೆಯಮ್ಮ ಒಲೆ?" ಎಂದು ಸಾಹೇಬರು ರೇವಮ್ಮನನ್ನು ಕೇಳಿದರು.

"ಅಯ್ಯೋ, ಏನ್ ಮಹಾ ಬುಡಿ ಸ್ವಾಮಿ. ಒಂದಿನ ಉರೀತದೆ, ಒಂದಿನ ಇಲ್ಲ. ಸೌದೆ ಒಲೇನೇ ವಾಸಿ."

ಇವರು ಒಲೆಯ ಉರಿ ಇನ್ನಷ್ಟು ದೊಡ್ಡದು ಮಾಡಿ ತೋರಿಸಿದರು.

"ಬಳಸುವವರೇ ಹೀಗಂದರೆ ಸರ್ಕಾರ ಯಾವ ಧೈರ್ಯದ ಮೇಲೆ ಹಣ ಕೊಡಬೇಕು ಮೇಷ್ಟ್ರೇ?" ಎಂದು ಸಾಹೇಬರು ಜೀಪು ಹತ್ತಿದರು.

ಜೀಪು ಮರೆಯಾದದ್ದೇ ತಡ, ರೇವಮ್ಮ ಉಪ್ಪು ಮೆಣಸಿನಕಾಯಿ ಹಿಡಿದು ಒಲೆಗೆ ನಿವಾಳಿಸತೊಡಗಿದಳು.

"ನಿನ್ನ ಬಾಯಿಗೆ ಮಣ್ಣು ಹಾಕ! ಮನೆಹಾಳು ಮಾತಾಡಿ ಈಗ ಇದೇನೇ ನಾಟಕ?" ಎಂದು ಕೂಗಿದೆ.

ಅವಳು ಕಕ್ಕಾಬಿಕ್ಕಿಯಾದಳು. "ಸಾಹೇಬ್ರ ಕಣ್ಣು ನೋಡುದ್ರಾ ಅಮ್ಮ? ಒಲೇನೇ ನುಂಗಂಗೆ ನೋಡ್ತಿದ್ರು. ಚೆನ್ನಾಗದೆ ಅಂದ್ರೆ ದಿಷ್ಟಿ ಆಗಾಕಿಲ್ವಾ? ನನ್ನ ಮಗೀನ ಒಂದ್ಸಲ ಅಂಗೇ ಅಂದಿದ್ದೆ. ಗುಂಡಗವ್ನೆ, ಚೆನ್ನಾಗವ್ನೆ ಅಂತ ಸಂತೇಲಿ ಏಳ್ಕಂಡಿದ್ದೆ. ಆ ವಾರ ದಾಟ್ಲಿಲ್ಲ ಕಣಮ್ಮ."

ನನ್ನ ಸಿಟ್ಟು ಜರ್ರನೆ ಇಳಿಯಿತು. ಆದರೆ ಶೆಡ್ಡಿನ ಗತಿ? ಇವರು ಅನ್ನ ಕಲಸಿಟ್ಟುಕೊಂಡು ಉಣ್ಣದೆ ಕೂತದ್ದನ್ನು ನನ್ನಿಂದ ನೋಡಲಾಗಲಿಲ್ಲ. ಮಾರನೆಯ ದಿನ ಆತಗೂರಿಗೆ ಹೋಗಿ, "ಬ್ಯಾಡ ಕಣಮ್ಮ, ನನ್ ಕೈಲಿ ಆಗಾಕಿಲ್ಲ" ಎಂದು ರೇವಮ್ಮ ಗೋಗರೆದರೂ ಬಿಡದೆ ಮಂಡ್ಯದ ಬಸ್ಸು ಹತ್ತಿಸಿದೆ. "ಇದ್ದದ್ದು ಇದ್ದ ಹಾಗೆ ಹೇಳು, ಅಷ್ಟು ಸಾಕು" ಎಂದೆ.

ಕಚೇರಿಯಲ್ಲಿ ಸಾಹೇಬರು ತಲೆಯೆತ್ತಿ, "ಮತ್ತೇನಮ್ಮ?" ಎಂದರು. ರೇವಮ್ಮ ಬಾಗಿಲ ಕಡೆ ತಿರುಗಿದಳು. ನಾನು ಅವಳ ಬೆನ್ನು ಮುಟ್ಟಿದೆ.

"ಚೆನ್ನಾಗದೆ ಸ್ವಾಮಿ. ಕೆಮ್ಮು ನಿಂತೋಯ್ತು. ಬಲು ಚೆನ್ನಾಗದೆ" ಎಂದವಳೇ ಗಡಗಡ ನಡುಗುತ್ತಾ ಗೊಳೋ ಎಂದು ಅತ್ತುಬಿಟ್ಟಳು.

ಸಾಹೇಬರು ಅವಳನ್ನು ನೋಡಿದರು, ನನ್ನನ್ನು ನೋಡಿದರು. "ಪಾಪದ ಹೆಂಗಸನ್ನು ಹೆದರಿಸಿ ಹೇಳಿಸುತ್ತೀರಾ? ನಾಚಿಕೆಯಾಗಬೇಕು ನಿಮಗೆ. ನಿಮ್ಮ ಅರ್ಜಿ ಇಲ್ಲಿಗೆ ಮುಗಿಯಿತು, ಹೋಗಿ."

ದೃಷ್ಟಿಯ ವಿಷಯ ಬಿಡಿಸಿ ಹೇಳಿದೆ, ಸತ್ತ ಮಗುವಿನ ವಿಷಯವನ್ನೂ ಹೇಳಿದೆ. ಅವರು ಗಂಟೆ ಒತ್ತಿ ಜವಾನನನ್ನು ಕರೆದರು.

ಹೊರಗೆ ಬಂದಮೇಲೆ ರೇವಮ್ಮ ಕಣ್ಣೊರೆಸಿಕೊಂಡು, "ಕೊಡ್ತಾರಂತಾ ಅಮ್ಮ?" ಎಂದಳು.

"ಇಲ್ಲ ಕಣೇ."

ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು.

"ನೋಡುದ್ರಾ? ಬ್ಯಾಡ ಅಂದ್ರೂ ಕೇಳ್ಲಿಲ್ಲ ನೀವು. ಒಗಳ್ದೆ, ಇದೂ ಓಯ್ತು."