ಬಕೆಟ್ ಬ್ಯಾಂಡಿನವರು ಕಟ್ಟಿದ ಪೇಟ

ನನ್ನ ಗಂಡ ಇಂದುಧರ ಒಮ್ಮೆ ಟಿ.ವಿ.ಯಲ್ಲಿ ಬಂದಿದ್ದರು. ಈ ಸಂಗತಿ ಗೊತ್ತಿಲ್ಲದ ಕನ್ನಡಿಗ ಯಾರಾದರೂ ಲಾಸ್ ಏಂಜಲೀಸಿನಿಂದ ಸ್ಯಾನ್ ಡಿಯಾಗೊವರೆಗೆ ಇದ್ದರೆ, ಅವನು ನಿನ್ನೆಯಷ್ಟೇ ವಿಮಾನ ಇಳಿದವನಾಗಿರಬೇಕು. ಅವನಿಗೂ ಮುಂದಿನ ಪಾಟ್‌ಲಕ್ಕಿನಲ್ಲಿ, ಅಂದರೆ ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ಊಟದಲ್ಲಿ, ಗೊತ್ತಾಗಿಬಿಡುತ್ತಿತ್ತು. ಬಿಸಿಬೇಳೆಬಾತು ತಟ್ಟೆಗೆ ಬೀಳುವ ಮೊದಲೇ ಇವರು ಶುರುಮಾಡುತ್ತಿದ್ದರು: "ಏಯ್ಟೀ ತ್ರೀಲಿ, ನಾನು ದಾವಣಗೆರೆಯಿಂದ ಬಂದು ಇನ್ನೂ ತಿಂಗಳೂ ಆಗಿರಲಿಲ್ಲ..."

ಕಥೆ ಇಷ್ಟು. ಇವರು ಎಂ.ಎಸ್. ಮಾಡಲು ಸ್ಯಾನ್ ಡಿಯಾಗೊಗೆ ಬಂದ ಹೊಸದು. ಯೂನಿವರ್ಸಿಟಿ ಸಿಟಿ ಎಂಬ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಜನ ಹುಡುಗರು. ಜೊತೆಗಿದ್ದ ಅಮೆರಿಕನ್ ಒಬ್ಬ ಇವರನ್ನು ಪಂಕ್ ಸಂಗೀತಕ್ಕೆ ಕರೆದುಕೊಂಡು ಹೋದ. ಬ್ಯಾಂಡಿನ ಹೆಸರು ರಸ್ಟ್ ಬಕೆಟ್ಸ್, ಅಂದರೆ ತುಕ್ಕು ಹಿಡಿದ ಬಕೆಟ್ಟುಗಳು. ನಾನು ಬಕೆಟ್ ಬ್ಯಾಂಡು ಎನ್ನುತ್ತೇನೆ. ಹಳೆಯ ಗೋಡೌನು, ಮೈಮೇಲೆ ಬಿದ್ದು ಕುಣಿಯುವ ಜನ, ಕಿವಿ ಹರಿಯುವ ಗಿಟಾರು. ಅವತ್ತು ಊರಿನ ಕೇಬಲ್ ಚಾನೆಲ್ಲಿನವರು ಕ್ಯಾಮೆರಾ ತಂದಿದ್ದರು. ಹಾಡುವವನು ಇದ್ದಕ್ಕಿದ್ದಂತೆ ಇವರ ಕೈ ಹಿಡಿದು ಸ್ಟೇಜಿಗೆ ಎಳೆದುಕೊಂಡ. "ಇಂಡಿಯಾದಿಂದ ರಾಜ ಬಂದಿದ್ದಾನೆ" ಎಂದು ಸಾರಿದ. ತಲೆಗೆ ಪೇಟ ಸುತ್ತಿದ. ಮೂರು ಪ್ರಶ್ನೆ ಕೇಳಿದ, ಇವರು ಮೂರಕ್ಕೂ ಉತ್ತರ ಕೊಟ್ಟರು, ಜನ ಹುಚ್ಚೆದ್ದು ಕೂಗಿದರು. ಮಾರನೆಯ ವಾರ ಅದು ಟಿ.ವಿ.ಯಲ್ಲಿ ಬಂತು. ಆದರೆ ಇವರ ಹತ್ತಿರ ಆಗ ಟಿ.ವಿ. ಇರಲಿಲ್ಲ.

"ಅಂಥಾ ಸನ್ಮಾನ ಯಾವ ಸಂಘ ಮಾಡುತ್ತಪ್ಪಾ?" ಎಂದು ಕೊನೆಗೊಮ್ಮೆ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಆಮೇಲೆ ಎರಡು ವರ್ಷ ಆ ಗೋಡೌನು ಬಿಟ್ಟು ಕದಲಲಿಲ್ಲವಂತೆ. ಸೀರೆಗೆ ಚುಚ್ಚುವ ಪಿನ್ನುಗಳ ಗೊಂಚಲನ್ನು ಅತ್ತೆ ಗುಂಡಿ ಕಿತ್ತರೆ ಇರಲಿ ಎಂದು ಸೂಟ್‌ಕೇಸಿನಲ್ಲಿ ಇಟ್ಟು ಕಳಿಸಿದ್ದರು. ಅದನ್ನೇ ಪಂಕಿನವರ ಹಾಗೆ ಅಂಗಿಯ ತುಂಬ ಚುಚ್ಚಿಕೊಂಡು ತಿರುಗಿದರಂತೆ. ಆ ಮನುಷ್ಯನನ್ನು ನಾನು ನೋಡಲಿಲ್ಲ. ಎಂಬತ್ತೆಂಟರಲ್ಲಿ ನನ್ನ ಪಾಲಿಗೆ ಬಂದದ್ದು ಲಾಸ್ ಏಂಜಲೀಸಿನ ವುಡ್‌ಲ್ಯಾಂಡ್ ಹಿಲ್ಸಿನ ಟೆಲಿಕಾಂ ಕಂಪನಿಯ ಇಂಜಿನಿಯರು, ಇಸ್ತ್ರಿ ಮಾಡಿದ ಪ್ಯಾಂಟು, ಜೊತೆಗೆ ಈ ಕಥೆ. ಸವತಿ ಆಗಿದ್ದರೆ ಜುಟ್ಟು ಹಿಡಿದು ಜಗಳ ಆಡಬಹುದಿತ್ತು. ಪಂಕಿನ ಜುಟ್ಟು ಎಲ್ಲಿ ಹಿಡಿಯಲಿ?

ನಮ್ಮ ಮಗಳು ಮೇಧಾ ಅದೇ ಸ್ಯಾನ್ ಡಿಯಾಗೊದಲ್ಲಿ ಓದಲು ಸೇರಿದ ಮೇಲಂತೂ ಕೇಳಲೇಬೇಡಿ. ಅವಳನ್ನು ನೋಡಲು ಹೋದಾಗಲೆಲ್ಲ ಕಾರು ಹೈವೇ ಇಳಿದು ಒಂದು ಹಾಸಿಗೆ ಅಂಗಡಿಯ ಪಾರ್ಕಿಂಗಿಗೆ ಹೋಗಿ ನಿಲ್ಲುತ್ತಿತ್ತು. ಗೋಡೌನು ಇದ್ದ ಜಾಗವಂತೆ. ನಾವೆಲ್ಲ ಇಳಿಯಬೇಕು, ಬಿಸಿಲಿನಲ್ಲಿ ನಿಲ್ಲಬೇಕು. "ಇಲ್ಲೇ ಸ್ಟೇಜ್ ಇತ್ತು" ಎನ್ನುತ್ತಿದ್ದರು. ನಮ್ಮ ಜೊತೆಗೇ ಇರುವ ಮಂಡಿನೋವಿನ ಅತ್ತೆಯೂ ಇಳಿದು ಕೈ ಮುಗಿಯುತ್ತಿದ್ದರು, ಯಾವ ದೇವರೋ ಏನೋ ಎಂದು. ನಾನು ಆಕಳಿಸಿದರೆ ಮುಗಿಯಿತು.

"ನಿನಗೆ ಇದೆಲ್ಲ ಅರ್ಥ ಆಗಲ್ಲ ಬಿಡು ನೀಲಾ. ನಿನ್ನ ಲೈಫಲ್ಲಿ ಇಂಥದ್ದೊಂದು ಆಗಿದ್ದಿದ್ರೆ ತಾನೆ?"

ಈ ಮಾತನ್ನು ನಾನು ಮೂವತ್ತು ವರ್ಷ ಕೇಳಿದೆ. ಮನೆಯಲ್ಲಿ ಕೇಳಿದೆ, ಜನರ ಮುಂದೆ ಕೇಳಿದೆ, ಮಗಳ ಮುಂದೆ ಕೇಳಿದೆ. ಆದರೂ ಎರಡು ಸಾವಿರದ ಹದಿನೆಂಟರಲ್ಲಿ ಇವರಿಗೆ ಅರವತ್ತು ತುಂಬುವಾಗ ಏನು ಕೊಡಲಿ ಎಂದು ಯೋಚಿಸಿದರೆ ನನಗೆ ಹೊಳೆದದ್ದು ಅದೊಂದೇ. ಎಷ್ಟಾದರೂ ಗಂಡ, ಪ್ರೀತಿ ಇರುವುದಿಲ್ಲವೇ? ಆ ಟೇಪು ಹುಡುಕಿಸಿ ಕೊಡಬೇಕು ಎಂದುಕೊಂಡೆ. ಒಮ್ಮೆ ತಮ್ಮನ್ನು ತಾವೇ ಕಣ್ಣಾರೆ ನೋಡಿಕೊಳ್ಳಲಿ, ನೋಡಿ ತಣ್ಣಗಾಗಲಿ.

ನಮ್ಮ ಕನ್ನಡ ಸಂಘದ ಸ್ಲೈಡ್ ಶೋ, ಮೈಕು ಎಲ್ಲ ನೋಡಿಕೊಳ್ಳುವ ಸಂಕೇತ್ ಎಂಬ ಹುಡುಗ ಸಹಾಯ ಮಾಡಿದ. ಆ ಕೇಬಲ್ ಚಾನೆಲ್ಲಿನ ಕ್ಯಾಮೆರಾದವನು ಈಗ ಮುದುಕ, ಗ್ಲೆಂಡೇಲಿನಲ್ಲಿದ್ದಾನೆ, ಹಳೆಯ ಟೇಪುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸುತ್ತಿದ್ದಾನೆ ಎಂದು ಪತ್ತೆ ಮಾಡಿದ. ನಾನು ಆ ಮುದುಕನಿಗೆ ಚಕ್ಕುಲಿ ಡಬ್ಬ ಹೊತ್ತುಕೊಂಡು ಹೋಗಿ ಬೇಡಿಕೊಂಡೆ. ಫೈಲು ಸಂಕೇತನ ಕೈ ಸೇರಿದ್ದು ಸಮಾರಂಭದ ಹಿಂದಿನ ದಿನ. ಆಗ ನಾನು ಹೋಳಿಗೆಯವರ ಜೊತೆ, ಪುರೋಹಿತರ ಜೊತೆ ಒದ್ದಾಡುತ್ತಿದ್ದೆ.

"ಆಂಟಿ, ಚೆಕ್ ಮಾಡಿದೆ, ಅಂಕಲ್ ಸೂಪರಾಗಿದಾರೆ!" ಎಂದ ಸಂಕೇತ್. ಪುಣ್ಯಾತ್ಮ ಆಫೀಸಿನಲ್ಲಿ ಕೂತು ಸೌಂಡ್ ಹಾಕದೆ ನೋಡಿದ್ದ.

ಸಮಾರಂಭ ನಾವಿರುವ ಲಾಸ್ ಏಂಜಲೀಸಿನಲ್ಲಿ ಬೇಡ, ಸ್ಯಾನ್ ಡಿಯಾಗೊದಲ್ಲೇ ಆಗಬೇಕು ಎಂದು ಇವರ ಹಟ. ದೇವಸ್ಥಾನ ಹತ್ತಿರ ಎಂದಲ್ಲ, ಆ ಬಕೆಟ್ಟಿನವರ ಊರು ಎಂದು. ಬಾಡಿಗೆ ಹಾಲು ತುಂಬಿತ್ತು. ಬೆಳಿಗ್ಗೆ ಇವರು ನನಗೆ ಎರಡನೆಯ ಸಲ ತಾಳಿ ಕಟ್ಟಿದರು. ಸಂಘದ ಅಧ್ಯಕ್ಷ ವಿಶ್ವೇಶ್ವರ, ಇವರಿಗಿಂತ ಎರಡು ವರ್ಷ ಮೊದಲು ಬಂದ ಸೀನಿಯರ್, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಜರಿಯ ಮೈಸೂರು ಪೇಟ ತೊಡಿಸಿದರು.

"ಇವನು ಬಂದಿಳಿದ ದಿನ ಏರ್‌ಪೋರ್ಟಲ್ಲಿ ನಾನು ಹೇಳ್ಕೊಟ್ಟ ಮೊದಲ ಪಾಠ ಏನು ಗೊತ್ತಾ?" ಎಂದು ಮೈಕಿನಲ್ಲಿ ಕೇಳಿದರು. "ಅಮೆರಿಕನ್ನು ಏನಂದ ಅಂತ ಅರ್ಥ ಆಗದಿದ್ರೆ, 'ಯೆಸ್, ಥ್ಯಾಂಕ್ ಯೂ' ಅಂದುಬಿಡು, ನಕ್ಕುಬಿಡು!"

ಎಲ್ಲರೂ ನಕ್ಕರು. ಎಲ್ಲರೂ ಹಾಗೆ ಬದುಕಿದವರೇ. ನಾನು ಸಂಕೇತನಿಗೆ ವಿಡಿಯೊ ಹಾಕೆಂದು ಕಣ್ಸನ್ನೆ ಮಾಡಿದೆ.

ಪರದೆಯ ಮೇಲೆ ಕಪ್ಪುಬಿಳುಪಿಗೆ ತಿರುಗಿದ ಬಣ್ಣ, ಮೇಲಿಂದ ಕೆಳಕ್ಕೆ ಓಡುವ ಗೆರೆಗಳು. ಗಿಟಾರು ಅರಚಿತು. ಇವರು ಕುರ್ಚಿಯಿಂದ ಅರ್ಧ ಎದ್ದರು. "ಅಯ್ಯೋ! ಅಯ್ಯಯ್ಯೋ, ಇದೇ! ನೀಲಾ, ಎಲ್ಲಿ ಸಿಕ್ಕಿತೇ ಇದು?" ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ದೇವರಾಣೆ, ಮೂವತ್ತು ವರ್ಷದಲ್ಲಿ ನನ್ನನ್ನು ಹಾಗೆ ನೋಡಿರಲಿಲ್ಲ. ಆ ಒಂದು ನಿಮಿಷ ನಾನು ಗೆದ್ದೆ.

ಆಮೇಲೆ ಸ್ಟೇಜಿನ ಮೇಲೆ ಅವರು ಕಾಣಿಸಿದರು. ಕಡ್ಡಿಯಂಥ ಹುಡುಗ, ಎಣ್ಣೆ ಹಚ್ಚಿದ ಕ್ರಾಪು, ಮುಖದ ತುಂಬ ನಗು. ಹಾಲಿನಲ್ಲಿ ಶಿಳ್ಳೆ, ಚಪ್ಪಾಳೆ. ಹಾಡುವವನು ನೆಲದಿಂದ ಒದ್ದೆ ಟವೆಲ್ಲು ಎತ್ತಿ ಹುಡುಗನ ತಲೆಗೆ ಸುತ್ತಿದ. ಏನೋ ಕೇಳಿದ. ಹುಡುಗ ಮೈಕಿಗೆ ಬಾಗಿ, "ಯೆಸ್! ಥ್ಯಾಂಕ್ ಯೂ!" ಎಂದ. ಇನ್ನೇನೋ ಕೇಳಿದ. "ಯೆಸ್! ಥ್ಯಾಂಕ್ ಯೂ!" ಮೂರನೆಯದಕ್ಕೂ ಅದೇ. ಕೊನೆಗೆ ಆ ಜನಕ್ಕೆಲ್ಲ ಕೈ ಮುಗಿದ. ನಮ್ಮವರ ಚಪ್ಪಾಳೆಯ ಗದ್ದಲದಲ್ಲಿ ಹಿಂದೆ ಕೂತವರಿಗೆ ಒಂದಕ್ಷರ ಕೇಳಿಸಿರಲಾರದು. ಸ್ಪೀಕರ್ ಪಕ್ಕ ಕೂತಿದ್ದ ನನಗೆ ಅರ್ಧ ಕೇಳಿಸಿತ್ತು. ನನ್ನ ಕೈ ಹಿಡಿದಿದ್ದ ಕೈ ಸಡಿಲವಾಯಿತು.

ಆಗಿನ ಹುಡುಗನಿಗೆ ಆ ಇಂಗ್ಲಿಷ್ ಬರುತ್ತಿರಲಿಲ್ಲ. ಈಗಿನ ಇಂದುಧರ ಅವರಿಗೆ ಪ್ರತಿ ಮಾತೂ ಅರ್ಥವಾಗುತ್ತಿತ್ತು.

"ಒನ್ಸ್ ಮೋರ್!" ಎಂದು ಹಿಂದಿನಿಂದ ಯಾರೋ ಕೂಗಿದರು. ನಾಟಕಕ್ಕೆ ಕೂಗುವ ಹಾಗೆ ಇಡೀ ಹಾಲು ಹಿಡಿದುಕೊಂಡಿತು. ಒನ್ಸ್ ಮೋರ್, ಒನ್ಸ್ ಮೋರ್!

"ಬೇಡ, ಬೇಡ, ಊಟ ಆರಿಹೋಗುತ್ತೆ" ಎಂದರು ಇವರು. ಸನ್ಮಾನಿತರು ಬೇಡ ಎನ್ನುವುದು ಸಂಪ್ರದಾಯ. ಅದನ್ನು ಕೇಳದಿರುವುದೂ ಸಂಪ್ರದಾಯ. ಸಂಕೇತ್ ಮತ್ತೆ ಹಾಕಿದ, ಸೌಂಡು ಜೋರು ಮಾಡಿ. ಹಿಂದಿನವರ ಶಿಳ್ಳೆ, ಕೂಗು ಅದಕ್ಕಿಂತ ಜೋರು.

ಈ ಸಲ ನನಗೆ ಪೂರ್ತಿ ಕೇಳಿಸಿತು. ಎದ್ದು ಹೋಗಿ ವೈರು ಕಿತ್ತುಬಿಡಲೇ ಎನ್ನಿಸಿತು. ಪಾಪ, ಪಾಪ ಎಂದು ಮನಸ್ಸು ಬಡಿದುಕೊಂಡಿತು. ಇವರು ಜರಿಪೇಟದ ಕೆಳಗೆ ಬೆವರುತ್ತ, ಪರದೆಯ ಮೇಲಿನ ಹುಡುಗ ನಗುವ ಹಾಗೆಯೇ ನಗುತ್ತಿದ್ದರು. ಮುಂದಿನ ಸಾಲಿನಲ್ಲಿ ಮೇಧಾ ಬಾಯಿ ಮೇಲೆ ಕೈ ಇಟ್ಟುಕೊಂಡಿದ್ದಳು.

ಅವಳ ಪಕ್ಕದಲ್ಲಿದ್ದ ಅತ್ತೆ ಕೇಳಿದರು. ಕಿವಿ ಮಂದವಾದವರ ದನಿ, ಇಡೀ ಹಾಲಿಗೆ ಕೇಳಿಸಿತು. "ಇಂದೂ, ಏನಂತಾನಪ್ಪಾ ಆ ಬಿಳಿಯ? ನನಗೂ ಒಂಚೂರು ಹೇಳು."

ಇವರು ಮೈಕು ಹಿಡಿದರು. "ನಾನು ಯಾವಾಗಲೂ ಹೇಳ್ತೀನಲ್ಲಮ್ಮ. ಇಂಡಿಯಾದಿಂದ ರಾಜ ಬಂದಿದ್ದಾನೆ, ಎಲ್ಲಾ ನಮಸ್ಕಾರ ಮಾಡಿ ಅಂತಿದಾನೆ."

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಆ ಸುಳ್ಳನ್ನು ಸಾಯುವವರೆಗೆ ಕಾಯುತ್ತಿದ್ದೆ. ನಿಲ್ಲಿಸಲಿಲ್ಲ. ಹೆದರಿದವರ ಬಾಯಿಗೆ ಹಳೆಯ ಮಾತೇ ಬರುವುದು.

"ಆಮೇಲೆ ನೀಲಾನ ಕೇಳಬೇಡಮ್ಮ. ಅವಳಿಗೆ ಇದೆಲ್ಲಿ ಅರ್ಥ ಆಗಬೇಕು? ಮೂವತ್ತು ವರ್ಷ ಆಯ್ತು, ಇನ್ನೂ ಅವಳದು ಸೀರಿಯಲ್ ಕನ್ನಡ, ಅಂಗಡಿ ಕೂಪನ್ ಇಂಗ್ಲಿಷು!"

ಹಾಲು ಗೊಳ್ಳೆಂದಿತು. ಬೆಳಿಗ್ಗೆ ಕಟ್ಟಿದ ತಾಳಿಯ ಅರಿಶಿನ ಇನ್ನೂ ಹಸಿಯಾಗಿತ್ತು. ಮೇಧಾಗೆ ನಗು ಬಂದದ್ದನ್ನೂ ನೋಡಿದೆ. ಅಲ್ಲ, ನಾನು ಮಾಡುವ ಕೆಲಸ ಏನೆಂದು ಇವರಿಗೆ ಮರೆತೇಹೋಗಿತ್ತೇ? ಇಪ್ಪತ್ತು ವರ್ಷದಿಂದ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಗ್ರಾಹಕರ ಫೋನು ಎತ್ತುವವಳು ನಾನು. ಅಮೆರಿಕದ ಯಾವ ಮೂಲೆಯ ಬೈಗುಳವಾದರೂ ತನ್ನಿ, ನಾನು ಕೇಳಿರುತ್ತೇನೆ. ಇವರ ಕೈಯಿಂದ ಮೈಕು ತೆಗೆದುಕೊಂಡೆ.

"ಅತ್ತೆ, ನಾನು ಹೇಳ್ತೀನಿ ಕೇಳಿ. ರಾಜ ಅನ್ನೋ ಮಾತೇ ಅದರಲ್ಲಿಲ್ಲ. ಅವನು ಮೊದಲು ಕೇಳಿದ್ದು, ನಿನ್ನ ಹೆತ್ತವಳು ನಿನಗೆ ಸ್ನಾನ ಮಾಡೋದು ಕಲಿಸಲಿಲ್ವಾ, ಈ ಪಾಟಿ ನಾರ್ತೀಯಲ್ಲ ಅಂತ. ನಿಮ್ಮ ಮಗ ಯೆಸ್, ಥ್ಯಾಂಕ್ ಯೂ ಅಂದ್ರು. ಆಮೇಲೆ, ನಾವು ಎಸೆದಿದ್ದು ತಿನ್ನೋ ನಾಯಿ ತಾನೆ ನೀನು ಅಂದ. ಯೆಸ್, ಥ್ಯಾಂಕ್ ಯೂ. ಆಮೇಲೆ, ಇದು ಕಕ್ಕಸು ಒರೆಸಿದ ಬಟ್ಟೆ, ನಿನ್ನ ತಲೆಗೆ ಸರಿಹೋಗುತ್ತಲ್ವಾ ಅಂದ. ಅದಕ್ಕೂ ಥ್ಯಾಂಕ್ ಯೂ. ಅದೇ ಆ ಪೇಟ."

ಅಡುಗೆಯವನು ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಮಾಮ್, ಸ್ಟಾಪ್" ಎಂದಳು ಮೇಧಾ, ಎಲ್ಲ ಮುಗಿದ ಮೇಲೆ.

ಅತ್ತೆ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಇದ್ದರು. "ದಿನಾ ಎರೀತಿದ್ದೆ ನಾನು" ಎಂದರು, ಯಾರಿಗೆಂದಿಲ್ಲ. "ವಾರಕ್ಕೊಂದ್ಸಲ ಎಣ್ಣಿ ಹಚ್ಚಿ ಎರೀತಿದ್ದೆ."

ಇವರು ಪೇಟ ತೆಗೆದು ಹಣ್ಣಿನ ಬುಟ್ಟಿಯ ಮೇಲೆ ಇಟ್ಟರು. ಊಟಕ್ಕೆ ಕೂತರು. ಎಲ್ಲರಿಗಿಂತ ಮೊದಲು ಎದ್ದರು.

ವಾಪಸು ಬರುವಾಗ ಕಾರು ಹಾಸಿಗೆ ಅಂಗಡಿಯ ಕಡೆ ತಿರುಗದೆ ನೇರ ಹೋಯಿತು. "ಏನ್ರೀ, ನಿಲ್ಲಿಸಲ್ವಾ?" ಎಂದೆ. "ಯಾಕೆ, ಹಾಸಿಗೆ ಬೇಕಿತ್ತಾ?" ಎಂದರು. ನಾನು ಮಾಡಿದ್ದು ತಪ್ಪು ಎಂದು ಇವತ್ತಿಗೂ ಒಪ್ಪುವುದಿಲ್ಲ. ಜನ ಏನು ಬೇಕಾದರೂ ಅನ್ನಲಿ, ಮೂವತ್ತು ವರ್ಷ ಅವರು ಆ ಮನೆಯಲ್ಲಿ ನಾನಾಗಿ ಇದ್ದು ನೋಡಲಿ. ಮನೆ ತಣ್ಣಗಾಯಿತು, ನಾನು ಬಯಸಿದ್ದೂ ಅದನ್ನೇ. ಪಾಟ್‌ಲಕ್ಕುಗಳಲ್ಲಿ ಇವರು ಹವಾಮಾನ ಮಾತಾಡಿದರು. ಇವರು ಅಷ್ಟು ವರ್ಷ ಕಾದಿಟ್ಟಿದ್ದ ಪಿನ್ನುಗಳ ಗೊಂಚಲು ಅತ್ತೆಯ ಹೊಲಿಗೆ ಡಬ್ಬಕ್ಕೆ ವಾಪಸು ಹೋಯಿತು.

ಹತ್ತೊಂಬತ್ತರ ಯುಗಾದಿಗೆ ನಮ್ಮ ಮನೆಯಲ್ಲೇ ಪಾಟ್‌ಲಕ್ಕು. ಹೊಸದಾಗಿ ಓದಲು ಬಂದ ಚೈತನ್ಯಾ ಎಂಬ ಹುಡುಗಿ, ಏನೂ ಅರಿಯದವಳು, ಒಬ್ಬಟ್ಟು ತಿನ್ನುತ್ತ ಕೇಳಿದಳು. "ಅಂಕಲ್, ನೀವು ಯಾವಾಗಲೋ ಇಲ್ಲಿ ಟಿ.ವಿ.ಲಿ ಬಂದಿದ್ರಂತೆ?"

ಸುತ್ತ ಇದ್ದವರು ತಟ್ಟೆ ನೋಡಿಕೊಂಡರು. ಇವರು ಹಸನ್ಮುಖದಿಂದ ನನ್ನ ಕಡೆ ತಿರುಗಿದರು.

"ನಿಮ್ಮ ಆಂಟಿ ಹೇಳ್ತಾಳಮ್ಮ. ಅವಳಿಗೆ ಇಂಗ್ಲಿಷ್ ನನಗಿಂತ ಚೆನ್ನಾಗಿ ಬರುತ್ತೆ. ಹೇಳೇ."

ಇವರ ಹಳೆಯ ಕಥೆ ನನಗೆ ಬಾಯಿಪಾಠ, ಅದನ್ನೇ ಹೇಳಿದೆ. ಸ್ಟೇಜಿಗೆ ಕರೆದರು, ರಾಜ ಅಂದರು, ಪೇಟ ಕಟ್ಟಿದರು. ಇವರ ಹಾಗೆಯೇ ಕೈ ತಿರುಗಿಸಿ ಹೇಳಿದೆ. ಅತ್ತೆ ಸೋಫಾದಿಂದ ಮಿಕಮಿಕ ನೋಡುತ್ತಿದ್ದರು.

"ಅಲ್ಲ ಕಣೇ, ಅದು ನನ್ನ ಕಥೆ. ನಿನ್ನದು ಹೇಳು."

"ಬೇಡ ರೀ, ಹಬ್ಬದ ದಿನ."

"ಹಾಲು ತುಂಬ ಜನರಿಗೆ ಹೇಳಿದೀಯ, ಈ ಮಗುಗೆ ಹೇಳೋಕೇನು? ಹೇಳು."

ಹೇಳಿದೆ. ನಾಯಿ ಎಂದೆ, ಕಕ್ಕಸಿನ ಬಟ್ಟೆ ಎಂದೆ. ಚೈತನ್ಯಾ ಒಬ್ಬಟ್ಟು ಕೆಳಗಿಟ್ಟಳು. ಅತ್ತೆ ಅಲ್ಲೇ ಇದ್ದರಲ್ಲ, ಸ್ನಾನದ ಮಾತನ್ನು ನುಂಗಿಕೊಂಡು ಮುಗಿಸಿದೆ.

"ಅಮ್ಮನ ಮಾತು ಬಿಟ್ಟುಬಿಟ್ಟೆ" ಎಂದರು ಇವರು.

ಅದಾದ ಮೇಲೆ ಹೊಸಬರು ಯಾರೇ ಬರಲಿ, ಯಾರ ಮನೆಯೇ ಆಗಲಿ, ಊಟಕ್ಕೆ ಮೊದಲು ಇವರು ನನ್ನನ್ನು ಮುಂದೆ ಕೂರಿಸುತ್ತಾರೆ. ಪೂರ್ತಿ ಹೇಳುವವರೆಗೆ ಬಿಡುವುದಿಲ್ಲ. ಅವತ್ತು ಯುಗಾದಿಗೆ ನಾನು ಆ ಮಾತು ಹೇಳಲಾರದೆ ತಲೆ ತಗ್ಗಿಸಿದಾಗ ಇವರು ಎರಡು ಕೈ ಎತ್ತಿ ಮೆಲ್ಲಗೆ ಚಪ್ಪಾಳೆ ತಟ್ಟಿದರು.

"ಒನ್ಸ್ ಮೋರ್" ಎಂದರು.

ಅತ್ತೆ ನನ್ನನ್ನೇ ನೋಡುತ್ತಿದ್ದರು. ನಾನು ಮತ್ತೆ ಮೊದಲಿನಿಂದ ಶುರುಮಾಡಿದೆ: "ಏಯ್ಟೀ ತ್ರೀಲಿ, ಇವರು ದಾವಣಗೆರೆಯಿಂದ ಬಂದು ಇನ್ನೂ ತಿಂಗಳೂ ಆಗಿರಲಿಲ್ಲ..."